ಒದ್ದೆ ಅಂಗಿ

ಬೆಳಿಗ್ಗೆ ಮುಖ ತೊಳೆದವನೇ ಅವನು ಮೊದಲು ಮಾಡಿದ ಕೆಲಸವೆಂದರೆ ಬಲಗಿವಿಗೆ ಹತ್ತಿ ಇಟ್ಟುಕೊಂಡದ್ದು. ಕಿವಿಗೆ ಏನೂ ಆಗಿರಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿಯಲ್ಲಿ ತಲೆ ವಾಲಿಸಿ ನೋಡಿದ. ಹತ್ತಿ ಒಳಗೆ ಸೇರಿಕೊಂಡು ಹೊರಗೆ ಕಾಣುತ್ತಲೇ ಇರಲಿಲ್ಲ. ಕಾಣದಿದ್ದರೆ ಇಟ್ಟುಕೊಂಡು ಏನು ಬಂತು? ಇನ್ನೊಂದು ಚೂರು ಹಿಂಜಿ, ನೋಡಿದವರಿಗೆ ಕಾಣುವಂತೆ, ಆದರೆ ತೋರಿಸಲೆಂದೇ ಇಟ್ಟದ್ದು ಎನಿಸದಂತೆ, ಕಿವಿಯ ಬಾಯಿಗೆ ಸಿಕ್ಕಿಸಿದ. ಐವತ್ತಮೂರು ವರ್ಷದ ಗಂಡಸು, ಶಾಲೆ ತಪ್ಪಿಸಿಕೊಳ್ಳಲು ಹೊಟ್ಟೆ ಹಿಡಿದುಕೊಳ್ಳುವ ಮಗುವಿನ ಹಾಗೆ ನಿಂತಿದ್ದೇನಲ್ಲ ಅನ್ನಿಸಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಒಮ್ಮೆ ಬಾಗಿಲ ಕಡೆ ನೋಡಿದ.

ಹಿನ್ನೀರಿನಲ್ಲಿ ಮೀನು ಹಿಡಿಯುವವರೆಲ್ಲ ಎರಡು ದಿನದ ಸುರಕ್ಷತಾ ತರಬೇತಿಗೆ ಬರಲೇಬೇಕು, ಬಾರದವರ ಪರವಾನಗಿ ನವೀಕರಿಸುವುದಿಲ್ಲ ಎಂದು ಮೀನುಗಾರಿಕೆ ಕಚೇರಿಯವರು ದಡದ ಶೆಡ್ಡಿನ ಕಂಬಕ್ಕೆ ಕಾಗದ ಅಂಟಿಸಿ ಹದಿನೈದು ದಿನವಾಗಿತ್ತು. ಮೊದಲ ದಿನ ಶೆಡ್ಡಿನಲ್ಲಿ ಪಾಠ, ಎರಡನೆಯ ದಿನ ನೀರಿನಲ್ಲಿ. ಆ ಕಾಗದವನ್ನು ಎಲ್ಲರೆದುರು ಜೋರಾಗಿ ಓದಿ ಹೇಳಿದವನು ರೇಡಿಯೊ. ದೋಣಿ ಕಟ್ಟುವ ಕಡೆ ನಡೆದ ಯಾವ ಸಂಗತಿಯೂ ಅವನ ಬಾಯಿ ದಾಟದೆ ಊರಿಗೆ ತಲುಪಿದ್ದಿಲ್ಲವಾದ್ದರಿಂದ ಆ ಹೆಸರು. ಓದಿ ಮುಗಿಸಿದವನು ಇವನ ಬೆನ್ನಿಗೆ ಗುದ್ದಿ, “ನಿನಗೇನಪ್ಪಾ ತರಬೇತಿ! ನೀನೇ ಅವರಿಗೆ ಕಲಿಸಬೇಕು. ಮೊದಲು ನಿನ್ನನ್ನೇ ಇಳಿಸ್ತಾರೆ ನೋಡ್ತಿರು, ನೀರುನಾಯಿ,” ಎಂದಿದ್ದ. ಸುತ್ತ ನಿಂತವರು ನಕ್ಕಿದ್ದರು. ಪ್ರೀತಿಯ ನಗೆ. ಇವನೂ ನಕ್ಕಿದ್ದ.

ಅವನಿಗೆ ಈಜು ಬರುತ್ತಿರಲಿಲ್ಲ. ಹುಟ್ಟಿದ ದಿನದಿಂದ ನೀರಿನ ಮಗ್ಗುಲಲ್ಲೇ ಬೆಳೆದವನಿಗೆ ಈಜು ಬಾರದೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಯಾರೂ ಕೇಳಿರಲೂ ಇಲ್ಲ. ಚಿಕ್ಕಂದಿನಲ್ಲಿ ಓರಗೆಯವರು ದಡದ ಬಂಡೆಯಿಂದ ಧುಮುಕುವಾಗ ಅವನು ಅವರ ಬಟ್ಟೆ ಕಾಯುತ್ತ ಕೂತಿರುತ್ತಿದ್ದ. ದೊಡ್ಡವನಾದ ಮೇಲೆ ದೋಣಿಯ ಅಡ್ಡಹಲಗೆಯ ಮೇಲೆ ಕೂತವನು ಏಳದೆ ಕೆಲಸ ಮುಗಿಸುವುದನ್ನು ರೂಢಿಸಿಕೊಂಡ. ಕೂತೇ ಬಲೆ ಬಿಡುತ್ತಿದ್ದ, ಕೂತೇ ಎಳೆಯುತ್ತಿದ್ದ. ಮೊದಮೊದಲು ಜನ ಇದನ್ನು ಸೋಮಾರಿತನ ಅಂದರು. ಹನ್ನೊಂದು ವರ್ಷದಿಂದೀಚೆಗೆ ಅದಕ್ಕೆ ಬೇರೆ ಅರ್ಥ ಬಂದಿತ್ತು. ಜೊಂಡು ಬೆಳೆದ ದಡದ ಆಚೆಗೆ ಅವನು ದೋಣಿ ಒಯ್ಯದಿದ್ದರೆ, “ಪಾಪ, ಭಾವನ ನೆನಪು,” ಎನ್ನುತ್ತಿದ್ದರು. ತನ್ನ ಪುಕ್ಕಲುತನಕ್ಕೆ ಜನ ಹೀಗೆ ದುಃಖದ ಅಂಗಿ ತೊಡಿಸಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ತಲೆ ತಗ್ಗಿಸಿದ್ದನ್ನೂ ಅವರು ದುಃಖವೆಂದೇ ತಿಳಿಯುತ್ತಿದ್ದರು.

ಭಾವ ಎಂದರೆ ಅವನ ಅಕ್ಕನ ಗಂಡ. ಹನ್ನೊಂದು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಇದೇ ಹಿನ್ನೀರಿನಲ್ಲಿ ಮುಳುಗಿಹೋದರು. ದೋಣಿಯಲ್ಲಿ ಜೊತೆಗಿದ್ದವನು ಇವನೊಬ್ಬನೇ. ದೋಣಿ ದಡಕ್ಕೆ ತಾಗಿದಾಗ ಇವನ ಅಂಗಿ, ಪ್ಯಾಂಟು, ತಲೆಗೂದಲು ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಗುಂಪಿನಲ್ಲಿ ಯಾರೋ, “ಹಾರಿದಾನೆ ಕಣ್ರೋ, ಪಾಪ, ತಾನೂ ಹಾರಿದಾನೆ,” ಎಂದರು. ಇವನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಸಂಜೆಯ ಹೊತ್ತಿಗೆ ಅವನು ಮೂರು ಸಲ ಮುಳುಗಿ ಹುಡುಕಿದನೆಂದಾಯಿತು. ಆ ಮೂರು ಎಂಬ ಲೆಕ್ಕ ಯಾರದೆಂದು ಅವನಿಗೆ ಗೊತ್ತಿಲ್ಲ, ರೇಡಿಯೊನದೇ ಇರಬೇಕು. ವಾರದೊಳಗೆ ನೀರುನಾಯಿ ಎಂಬ ಹೆಸರು ಅಂಟಿಕೊಂಡಿತು. ತಾನು ಒಂದೇ ಒಂದು ಸುಳ್ಳನ್ನೂ ಬಾಯಿಬಿಟ್ಟು ಹೇಳಿಲ್ಲ ಎಂಬುದನ್ನು ಅವನು ಎಷ್ಟೋ ಮಧ್ಯಾಹ್ನಗಳಲ್ಲಿ, ಜೊಂಡಿನ ನೆರಳಲ್ಲಿ ದೋಣಿ ನಿಲ್ಲಿಸಿಕೊಂಡು, ತನಗೆ ತಾನೇ ಹೇಳಿಕೊಂಡಿದ್ದ. ಮಾತು ನಿಜವೇ ಆಗಿತ್ತು. ಎಷ್ಟು ಸಲ ಹೇಳಿಕೊಂಡರೂ ಸಮಾಧಾನ ಮಾತ್ರ ಆಗುತ್ತಿರಲಿಲ್ಲ.

ಅಕ್ಕನ ಮನೆ ಅವನ ಕೋಣೆಗೆ ಗೋಡೆ ಹಂಚಿಕೊಂಡದ್ದು. ಮದುವೆಯಾಗದ ತಮ್ಮ ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದ. ಅವತ್ತು ಬೆಳಿಗ್ಗೆ ಅವಳು ತಟ್ಟೆಗೆ ಎಂದಿನಂತೆ ಹೆಚ್ಚೇ ಹಾಕಿದಳು. ಅವನು ಸಾಕು ಎಂದು ಕೈ ಅಡ್ಡ ಹಿಡಿದ. ಅವಳು ಕೈಯನ್ನು ಸರಿಸಿ ಇನ್ನೊಂದು ಸೌಟು ಸುರಿದಳು.

“ಕಿವಿಗೆ ಏನಾಯ್ತೋ?”

“ಸೋರ್ತಾ ಇದೆ. ನೀರು ತಾಗಿಸಬಾರದು ಅಂದಿದಾರೆ.”

“ಯಾರು ಅಂದಿದಾರೆ?”

ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. “ಔಷಧಿ ಅಂಗಡಿಯವನು,” ಎಂದ.

“ಹಾಗಾದ್ರೆ ನೀರಿಗಿಳಿಯಲ್ಲ ಅಂತ ಮೊದಲೇ ಹೇಳಿಬಿಡು. ನೀನು ನಾಚಿಕೊಂಡು ಸುಮ್ಮನೆ ಇಳಿದುಬಿಡ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಆವತ್ತೂ ಅಷ್ಟೇ, ಜೀವದ ಆಸೆ ಬಿಟ್ಟು…” ಅವಳು ಮಾತು ಅಲ್ಲಿಗೇ ನಿಲ್ಲಿಸಿ ಒಲೆಯ ಕಡೆ ತಿರುಗಿದಳು. ಅವನು ತಟ್ಟೆಯಲ್ಲಿದ್ದುದನ್ನೆಲ್ಲ ಬೇಗ ಬೇಗ ನುಂಗಿದ. ಅವಳು ಬಡಿಸಿದ್ದನ್ನು ಮಿಗಿಸಿ ಏಳುವ ಧೈರ್ಯ ಅವನಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಶೆಡ್ಡಿನಲ್ಲಿ ಮೀನು ತೂಗುವ ತಕ್ಕಡಿಯನ್ನು ಮೂಲೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ನೆಲ ತೊಳೆದಿದ್ದರೂ ಮಂಜುಗಡ್ಡೆಯ, ಮೀನಿನ ನೆತ್ತರಿನ ವಾಸನೆ ಹೋಗಿರಲಿಲ್ಲ. ತಗಡಿನ ಛಾವಣಿ ಬಿಸಿಲಿಗೆ ಆಗಾಗ ಟಕ್ಕೆಂದು ಸದ್ದು ಮಾಡುತ್ತಿತ್ತು. ಹಿಂದುಗಡೆ, ಹರಿದ ಬಲೆಗಳನ್ನು ರಾಶಿ ಹಾಕಿದ ಕಡೆ, ಬಲೆ ರಿಪೇರಿ ಮಾಡುವ ಐದಾರು ಹೆಂಗಸರು ಎಂದಿನಂತೆ ನೆಲದ ಮೇಲೆ ಕಾಲು ಚಾಚಿ ಕೂತು ಕೆಲಸ ಮಾಡುತ್ತಿದ್ದರು. ಅವರಲ್ಲಿ ಅಕ್ಕನೂ ಒಬ್ಬಳು. ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಎಳೆದು, ಸೂಜಿ ಆಡಿಸುತ್ತ, ಕಣ್ಣನ್ನು ಮಾತ್ರ ಮುಂದೆ ಇಟ್ಟಿದ್ದಳು. ಅವನು ಅವಳಿಗೆ ಕಾಣದ ಹಾಗೆ ಒಬ್ಬ ದಪ್ಪ ಮನುಷ್ಯನ ಹಿಂದೆ ಕುರ್ಚಿ ಹಿಡಿದ. ರೇಡಿಯೊ ಬಿಡಲಿಲ್ಲ. ತೋಳು ಹಿಡಿದು ಎಳೆದು ಮೊದಲ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡ.

ತರಬೇತಿ ಕೊಡಲು ಬಂದವಳು ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಕುತ್ತಿಗೆಯಲ್ಲಿ ಸೀಟಿ, ನೆಗಡಿಯಿಂದ ಕಟ್ಟಿದ ಗಂಟಲು. ಮೊದಲ ಐದು ನಿಮಿಷ ಗಂಡಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಆಮೇಲೆ ಅವಳು, “ನಿಮ್ಮಲ್ಲಿ ಎಷ್ಟು ಜನ ಗಮ್‌ಬೂಟು ಹಾಕ್ಕೊಂಡು ದೋಣಿ ಹತ್ತುತ್ತೀರಿ?” ಎಂದು ಕೇಳಿ, ಹತ್ತು ಕೈ ಎದ್ದ ಮೇಲೆ, ಒಂದು ಬೂಟಿಗೆ ಬಕೆಟಿನಿಂದ ನೀರು ತುಂಬಿಸಿ ಮುಂದಿನ ಸಾಲಿನವರ ಕೈಗೆ ಕೊಟ್ಟಳು. “ಎತ್ತಿ ನೋಡಿ. ಇಂಥವು ಎರಡು. ಕಾಲಿಗೆ ಕಟ್ಟಿಕೊಂಡು ಈಜಬೇಕು.” ತಿವಿದಾಟ ನಿಂತಿತು. ಬೂಟು ಕೈಯಿಂದ ಕೈಗೆ ದಾಟಿ ಅವನಲ್ಲಿಗೂ ಬಂತು. ತಣ್ಣಗಿತ್ತು. ಭಾವನ ಬೂಟುಗಳು ಕಪ್ಪು, ಇದು ಹಸಿರು. ಅವನು ಅದನ್ನು ಹಿಡಿದುಕೊಂಡೇ ಇದ್ದ, ರೇಡಿಯೊ ಕಿತ್ತುಕೊಳ್ಳುವವರೆಗೆ. ಭಾವ ದೋಣಿಯಲ್ಲಿ ಎದ್ದು ನಿಂತರೆ ಆ ಬೂಟುಗಳು ಹಲಗೆಯ ಮೇಲೆ ಕೀಚುಗುಟ್ಟುತ್ತಿದ್ದವು. ಕೂತು ಮಾಡುವ ಕೆಲಸವನ್ನು ನಿಂತು, ಪಿಸುಗುಟ್ಟುವ ಮಾತನ್ನು ಕೂಗಿ, ಹಾಗೆ ಬದುಕಿದ ಮನುಷ್ಯ. ಸಾರಿಗೆ ಉಪ್ಪು ಕಡಿಮೆಯಾದರೆ ಅವರ ಕೂಗು ಮೂರನೆಯ ಮನೆಗೆ ಕೇಳುತ್ತಿತ್ತು. ಅಂಥ ಗಂಟಲು.

ಎದ್ದು ನಿಲ್ಲಬೇಡಿ, ಬಲೆ ಸಿಕ್ಕಿಕೊಂಡರೆ ಎಳೆದಾಡಬೇಡಿ, ಕತ್ತರಿಸಿಬಿಡಿ, ಹೊರಡುವ ಮೊದಲು ಎಲ್ಲಿಗೆ ಹೋಗುತ್ತೀರೆಂದು ದಡದಲ್ಲಿ ಒಬ್ಬರಿಗಾದರೂ ಹೇಳಿ, ಲೈಫ್ ಜಾಕೆಟ್ಟನ್ನು ಕೂರುವ ಮೆತ್ತೆ ಮಾಡಿಕೊಳ್ಳಬೇಡಿ. ಹುಡುಗಿ ಹೇಳುತ್ತ ಹೋದಳು. ಅವನಿಗೆ ಒಂದು ವಿಚಿತ್ರ ನೆಮ್ಮದಿ ಆಗತೊಡಗಿತ್ತು. ಇವತ್ತು ನೀರಿಲ್ಲ. ಬರೀ ಪಾಠ. ನಾಳೆಯ ಮಾತು ನಾಳೆಗೆ, ಕಿವಿಯಂತೂ ಸೋರುತ್ತಿದೆ. ಅಷ್ಟರಲ್ಲಿ ಅವಳು ಮೇಜಿನ ಕೆಳಗಿನಿಂದ ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಹಿಡಿಗೆ ಒಂದು ಹಗ್ಗ ಕಟ್ಟಿದಳು.

“ಇದು ಎಲ್ಲರ ದೋಣಿಯಲ್ಲೂ ಇರುತ್ತೆ, ಅಲ್ವಾ? ಕುಡಿಯೋ ನೀರಿಗೆ. ಅರ್ಧ ಖಾಲಿಯಾಗಿದ್ದರೂ ಸಾಕು, ಒಬ್ಬ ಮನುಷ್ಯನ ತಲೆಯನ್ನ ನೀರಿನ ಮೇಲೆ ಹಿಡಿಯುತ್ತೆ. ಯಾರಾದ್ರೂ ಬಿದ್ದರೆ ಇದನ್ನ ಎಸೀರಿ. ಹಗ್ಗ ಇಲ್ಲದಿದ್ದರೂ ಎಸೀರಿ. ಹುಟ್ಟು ಕೈಗೆ ಸಿಕ್ಕರೆ ಹುಟ್ಟು ಚಾಚಿ. ನೀವು ಮಾತ್ರ ಹಾರಬೇಡಿ. ಮುಳುಗ್ತಿರೋನು ಸಿಕ್ಕಿದ್ದನ್ನ ತಬ್ಬಿಕೊಳ್ತಾನೆ, ಇಬ್ಬರೂ ಹೋಗ್ತೀರಿ. ಇದಕ್ಕೆ ಈಜು ಬರಬೇಕಾಗಿಲ್ಲ. ಕೂತ ಕಡೆಯಿಂದಲೇ ಎಸೀಬಹುದು.”

ಕೂತ ಕಡೆಯಿಂದಲೇ. ಈ ಹುಡುಗಿ ಹೊಸದೇನನ್ನೂ ಹೇಳುತ್ತಿರಲಿಲ್ಲ. ಬಲೆಯ ಗುರುತಿಗೆ ಖಾಲಿ ಡಬ್ಬ ಕಟ್ಟಿ ನೀರಿಗೆ ಬಿಡುವವನಿಗೆ, ಅದು ಗಾಳಿಗೆ ಕುಣಿಯುತ್ತ ಇಡೀ ದಿನ ತೇಲುವುದನ್ನು ನೋಡುವವನಿಗೆ, ತೇಲುವುದು ಯಾವುದು ಮುಳುಗುವುದು ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಈಜು ಬಾರದವನು ಏನು ತಾನೇ ಮಾಡಿಯಾನು ಎಂಬ ಒಂದು ಮಾತಿನ ಮೇಲೆ ಹನ್ನೊಂದು ವರ್ಷ ಬೆನ್ನೊರಗಿಸಿ ಕೂತಿದ್ದ. ಆ ಗೋಡೆಯನ್ನು ನೆಗಡಿ ಹಿಡಿದ ಹುಡುಗಿಯೊಬ್ಬಳು, ಯಾರ ಗೋಡೆ ಎಂದೂ ತಿಳಿಯದೆ, ಹಿಂದಿನಿಂದ ತೆಗೆದುಬಿಟ್ಟಳು.

“ಮೇಡಂ,” ರೇಡಿಯೊ ಎದ್ದು ನಿಂತಿದ್ದ. “ಹಾರಬೇಡಿ ಅಂತೀರಲ್ಲ, ಇಲ್ಲಿ ನಮ್ಮ ನೀರುನಾಯಿ ಕೂತಿದಾನೆ ನೋಡಿ. ಅವನ ಭಾವ ಬಿದ್ದಾಗ ಮೂರು ಸಲ ಮುಳುಗಿ ಹುಡುಕಿದಾನೆ, ಚಳೀಲಿ. ಅವನು ಮಾಡಿದ್ದು ತಪ್ಪಾ ಹಾಗಾದ್ರೆ?”

ಎಲ್ಲರ ಮುಖವೂ ಅವನತ್ತ ತಿರುಗಿತು. ಹುಡುಗಿ ಒಂದು ಕ್ಷಣ ಅವನನ್ನು ನೋಡಿದಳು. ಅವಳ ಕಣ್ಣಲ್ಲಿದ್ದ ಗೌರವವನ್ನು ಅವನು ತಾಳಲಾರದೆ ಅವಳ ಸೀಟಿಯನ್ನು ನೋಡತೊಡಗಿದ.

“ತಪ್ಪು ಅಂತ ಹೇಗೆ ಹೇಳಲಿ. ತುಂಬಾ ದೊಡ್ಡ ಮನಸ್ಸು ಬೇಕು ಅದಕ್ಕೆ,” ಎಂದಳು ಮೆಲ್ಲಗೆ. “ಆದರೆ ಅಣ್ಣ, ಬೇಜಾರು ಮಾಡ್ಕೋಬೇಡಿ. ನಾಳೆ ಇವರಲ್ಲಿ ಯಾರಾದ್ರೂ ನಿಮ್ಮ ಹಾಗೆ ಹಾರಬಾರದು ಅಂತ ಹೇಳ್ತಿದೀನಿ. ಹಾರೋ ಬದಲು ಇದನ್ನ ಎಸೆದಿದ್ರೆ ಅವರು ಬಹುಶಃ ಉಳೀತಿದ್ರು.”

ಅವನು ತಲೆಯಾಡಿಸಿದ. ಅದನ್ನೂ ಅವರು ವಿನಯವೆಂದುಕೊಂಡರು. ಆಗ ಹಿಂದಿನಿಂದ, ಬಲೆಯ ರಾಶಿಯ ಕಡೆಯಿಂದ, ಅಕ್ಕನ ದನಿ ಬಂತು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವಳು, ಮನೆಯೊಳಗಿಂದ ಅವನನ್ನು ಊಟಕ್ಕೆ ಕರೆಯುವ ದನಿಯಲ್ಲೇ ಕೇಳಿದಳು: “ತಮ್ಮಾ, ಆವತ್ತು ದೋಣೀಲಿ ಕ್ಯಾನ್ ಇತ್ತೇನೋ?”

ಛಾವಣಿಯ ತಗಡು ಒಮ್ಮೆ ಟಕ್ಕೆಂದಿತು. “ಇರಲಿಲ್ಲ,” ಎಂದ. ಸಾಲದೆನಿಸಿ, ತಿರುಗದೆಯೇ, “ಆವತ್ತು ಮರೆತು ಹೋಗಿದ್ವಿ,” ಎಂದೂ ಸೇರಿಸಿದ.

ಭಾವನ ಸಾವಿನ ಬಗ್ಗೆ ಹನ್ನೊಂದು ವರ್ಷದಲ್ಲಿ ಅವನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಎಲ್ಲರೂ ಅಯ್ಯೋ ಎಂಬಂತೆ ನಾಲಿಗೆ ಲೊಚಗುಟ್ಟಿದರು. ಹುಡುಗಿ, “ಅದಕ್ಕೇ ಹೇಳೋದು, ಮರೀಬೇಡಿ,” ಎಂದು ಪಾಠ ಮುಂದುವರಿಸಿದಳು. ಅವನಿಗೆ ಒಂದು ಮಾತೂ ಕೇಳಿಸಲಿಲ್ಲ. ಒಂದೆರಡು ನಿಮಿಷದ ಮೇಲೆ ಅವನಿಗೆ ನೆನಪಾದದ್ದು ಬೇರೆಯೇ. ಆ ದಿನಗಳಲ್ಲಿ ದೋಣಿಗೆ ಕುಡಿಯುವ ನೀರು ತುಂಬಿಸಿ ಕೊಡುತ್ತಿದ್ದವಳು ಅಕ್ಕ. ನಲ್ಲಿಯ ಹತ್ತಿರ ಸರದಿ ಹಿಡಿದು, ಕ್ಯಾನಿಗೆ ಅರ್ಧದಷ್ಟು ನೀರು ಹಿಡಿದು, ಸೊಂಟಕ್ಕಿಟ್ಟುಕೊಂಡು ದಡದವರೆಗೂ ತರುತ್ತಿದ್ದಳು. ಆವತ್ತೂ ತಂದಿದ್ದಳು. ಭಾವ ದೋಣಿಯಿಂದ ಕೈಚಾಚಿ ಇಸಿದುಕೊಂಡು, ಮುಚ್ಚಳ ಸಡಿಲ ಇದೆ ಎಂದು ಅವಳ ಮೇಲೆ ಕೂಗಾಡಿದ್ದರು. ಅವಳು ಆವತ್ತು ಗಂಡನಿಂದ ಕೇಳಿದ ಕೊನೆಯ ಮಾತೇ ಅದು. ಅವಳು ಅದನ್ನು ಮರೆತಿರಲು ಸಾಧ್ಯವೇ ಇರಲಿಲ್ಲ.

ಅವನು ತಿರುಗಿ ನೋಡಿದ. ಅಕ್ಕ ಬಲೆಯ ಮೇಲೆ ತಲೆ ಬಗ್ಗಿಸಿದ್ದಳು. ಸೂಜಿ ಆಡುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ಹಂಚಿದರು, ಅಳತೆ ನೋಡಿ ಬಕಲು ಹಾಕಿ ತೋರಿಸಿದರು. ಹುಡುಗಿ ಅವನ ಎದೆಯ ಪಟ್ಟಿ ಬಿಗಿಯುತ್ತ, “ಉಸಿರಾಡೋಕೆ ಕಷ್ಟ ಆಗ್ತಿದೆಯಾ ಅಣ್ಣ?” ಎಂದು ಕೇಳಿದಳು. ಇಲ್ಲ ಎಂದ. ಹೆಂಗಸರು ಆಗಲೇ ಎದ್ದು ಹೋಗಿದ್ದರು. ಅವನು ಜಾಕೆಟ್ಟನ್ನು ಬಗಲಲ್ಲಿ ಹಿಡಿದುಕೊಂಡು ಊರು ಸುತ್ತಿದ. ದೋಣಿ ತಿದ್ದುವವನ ಹತ್ತಿರ ಹೋಗಿ, ಏನೂ ಸೋರದ ದೋಣಿಗೆ ಡಾಂಬರು ಕೇಳಿ, ಬೇಡವೆಂದು ಬಂದ. ಟೀ ಅಂಗಡಿಯಲ್ಲಿ ಕೂತು ಟೀ ಆರಲು ಬಿಟ್ಟ. ಅಕ್ಕ ಮರೆತಿರಬಹುದು. ಮರೆತಿದ್ದರೆ ಯಾಕೆ ಕೇಳುತ್ತಿದ್ದಳು? ತನ್ನ ಬಾಯಿಂದ ಇತ್ತು ಅನ್ನಿಸಲು ಕೇಳಿದಳೇ? ಇಲ್ಲ, ಅವಳಿಗೆ ಅಂಥ ಉಪಾಯಗಳು ತಿಳಿಯವು. ಇತ್ತೆಂದು ಗೊತ್ತಿದ್ದೇ, ಇತ್ತು ಆದರೆ ಅವಸರದಲ್ಲಿ ಹೊಳೀಲಿಲ್ಲ ಅಕ್ಕ ಎಂದು ತಮ್ಮ ಹೇಳಲಿ, ನಾಲ್ಕು ಜನರೆದುರು ಆ ಹುಡುಗಿ ಹೊರಿಸಿದ ತಪ್ಪು ತುಸು ಹಗುರಾಗಲಿ ಎಂದು ಕೇಳಿದ್ದಳು. ಅವನ ಪರವಾಗಿ ಕೇಳಿದ್ದಳು. ಇದು ಹೊಳೆದ ಕೂಡಲೇ ಅವನು ಆರಿದ ಟೀಯನ್ನು ಹಾಗೇ ಬಿಟ್ಟು ಎದ್ದ.

ನಾಲ್ಕು ಗಂಟೆಯ ಬಿಸಿಲು ಬೀದಿಗೆ ತೆರೆದ ಅಕ್ಕನ ಅಡುಗೆಮನೆಯ ಹೊಸ್ತಿಲವರೆಗೆ ಬಂದಿತ್ತು. ಅವಳು ಮಣೆಯ ಮುಂದೆ ಕೂತು ಮೀನು ಹೆರೆಯುತ್ತಿದ್ದಳು. ಹೆರೆದ ಪೊರೆ ಅವಳ ಮುಂಗೈಗೆ ಅಂಟಿಕೊಂಡು ಹೊಳೆಯುತ್ತಿತ್ತು. ಅವನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ. ಅವನು ಹೊಸ್ತಿಲಾಚೆಯೇ ನಿಂತ.

“ಅಕ್ಕ, ಕ್ಯಾನ್ ಇತ್ತು.”

“ಗೊತ್ತು.” ಚಾಕು ನಿಲ್ಲಲಿಲ್ಲ. “ಮತ್ತೆ ಯಾಕೆ ಇಲ್ಲ ಅಂದೆ?”

“ನಾನು ಹಾರಲಿಲ್ಲ.”

ಈಗ ಚಾಕು ನಿಂತಿತು. ಅವಳು ಅವನನ್ನು ನೋಡಿದಳು. ಅರ್ಥವಾಗದವಳ ನೋಟ, ಯಾರೋ ಬೇರೆ ಭಾಷೆಯಲ್ಲಿ ಮಾತಾಡಿದಂತೆ. ಅವನು ನಿಂತ ಕಡೆಯೇ ಕುಸಿದು ಕೂತು ಹೇಳಲು ಶುರು ಮಾಡಿದ. ಈಜು ಬರೋದಿಲ್ಲ, ಯಾವತ್ತೂ ಬರುತ್ತಿರಲಿಲ್ಲ ಎಂದ. ಬಲೆ ಕೆಳಗೆ ಮರದ ಬೊಡ್ಡೆಗೆ ಸಿಕ್ಕಿಕೊಂಡಿತ್ತು, ಭಾವ ಎದ್ದು ನಿಂತು ಎಳೆದರು, ದೋಣಿ ವಾಲಿತು ಎಂದ. “ಕೂತ್ಕೊಳ್ಳಿ ಭಾವ ಅಂತ ನಾನು ಅಂದೆ…”

“ಅಂದೆಯಾ?”

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ತಪ್ಪೊಪ್ಪಿಕೊಳ್ಳಲು ಕೂತವನ ನಾಲಿಗೆ ಅಲ್ಲೂ ತನಗೊಂದು ಸಣ್ಣ ಆಸರೆ ಕಟ್ಟಿಕೊಳ್ಳುತ್ತಿದೆಯಲ್ಲ ಎಂದು ಅವನಿಗೇ ಹೇಸಿಗೆಯಾಯಿತು.

“ಇಲ್ಲ. ಅನ್ನಲಿಲ್ಲ. ಅವರು ನಿಂತದ್ದು ನೋಡಿ ನನಗೆ ಭಯ ಆಗಿತ್ತು. ಹೇಳಿದ್ರೆ ಪುಕ್ಕಲ ಅಂತ ಕೂಗ್ತಾರೆ ಅಂತ ಸುಮ್ಮನಿದ್ದೆ.”

“ಹೂಂ. ಆಮೇಲೆ?”

“ಬಿದ್ದರು. ಎರಡು ಹುಟ್ಟಿನಷ್ಟು ದೂರದಲ್ಲಿ ಮೇಲೆ ಬಂದರು. ದೋಣಿ ಅಲ್ಲಾಡ್ತಾ ಇತ್ತು. ನಾನು ಎರಡೂ ಕಡೆ ಅಂಚು ಹಿಡ್ಕೊಂಡು ಕೂತಿದ್ದೆ. ಕೈ ಬಿಡೋಕೆ ಆಗಲಿಲ್ಲ ಅಕ್ಕ. ಬಿಟ್ಟರೆ ನಾನೂ ಬೀಳ್ತೀನಿ ಅಂತ… ಕ್ಯಾನಿನ ಯೋಚನೇನೇ ಬರಲಿಲ್ಲ. ಸ್ವಲ್ಪ ಹೊತ್ತು ಕೈ ಬಡಿದರು. ಆಮೇಲೆ ಕಾಣಲಿಲ್ಲ.”

ಅಕ್ಕ ಚಾಕುವನ್ನು ಮಣೆಯ ಪಕ್ಕ ಇಟ್ಟಳು. ಬೆರಳಿಗಂಟಿದ ಪೊರೆಯೊಂದನ್ನು ಕೆರೆದು ತೆಗೆದಳು. ಅದು ಹೋಗಲಿಲ್ಲ, ಇನ್ನೊಂದು ಬೆರಳಿಗೆ ಅಂಟಿತು.

“ಏನೂ ಅನ್ನಲಿಲ್ವಾ ಅವರು?”

“ಇಲ್ಲ.”

“ಏನೂ?”

“ಇಲ್ಲ ಅಕ್ಕ. ಚಳಿಗೆ ಬಾಯಿ ಕಟ್ಟಿರಬೇಕು.”

“ಅವರ ಬಾಯಿ ಕಟ್ಟೋದಾ?” ಎಂದಳು ಅಕ್ಕ. ತುಟಿಯ ಮೇಲೆ ನಗೆಯಂಥದೊಂದು ಬಂದು ಹೋಯಿತು. ಹನ್ನೊಂದು ವರ್ಷದ ಹಿಂದೆ ಗಂಡನನ್ನು ಆಡಿಕೊಳ್ಳುವಾಗ ಬರುತ್ತಿದ್ದ ನಗೆ. “ಕಾಲಿಗೆ ಮುಳ್ಳು ಚುಚ್ಚಿದ್ರೆ ಊರಿಗೆಲ್ಲ ಕೇಳೋ ಹಾಗೆ ಕೂಗೋ ಮನುಷ್ಯ. ಸಾಯೋವಾಗ ಸುಮ್ಮನೆ ಸತ್ತರು ಅಂತೀಯಾ? ಹೇಳೋ. ಅವರು ಏನಂದ್ರು ಅಂತ ನನಗೆ ಬೇಕು.”

ಬಿಸಿಲು ಹೊಸ್ತಿಲು ದಾಟಿ ಒಳಗೆ ಮಣೆಯವರೆಗೆ ಬಂದಿತ್ತು. ಈ ಒಂದನ್ನು ಬಿಟ್ಟು ಬೇರೆಲ್ಲವನ್ನೂ ಅವನು ಎಂದಾದರೂ ಹೇಳಬಹುದೆಂದು ಅಂದುಕೊಂಡಿದ್ದ. ಇದನ್ನು ತನಗೂ ಹೇಳಿಕೊಂಡಿರಲಿಲ್ಲ. ನೆನಪಿನಲ್ಲಿ ಭಾವ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಬೇರೆಲ್ಲಿಗೋ ನೋಡುವುದನ್ನು ರೂಢಿ ಮಾಡಿಕೊಂಡಿದ್ದ: ಜೊಂಡಿನ ಕಡೆಗೆ, ದೂರದ ದಡದ ಕಡೆಗೆ, ನೀರಿನ ಮೇಲೆ ಬಿದ್ದ ಮೋಡದ ಕಡೆಗೆ.

“ಕ್ಯಾನ್ ಎಸಿಯೋ, ಅಂದ್ರು.”

ಅಕ್ಕ ಅಲ್ಲಾಡಲಿಲ್ಲ.

“ಕೂಗಿ ಅಂದ್ರು. ಕ್ಯಾನ್ ಎಸಿಯೋ, ಪಕ್ಕದಲ್ಲೇ ಇದೆ, ನೋಡೋ. ಹಾಗಂದ್ರು. ನನಗೆ ಕೇಳಿಸ್ತು. ಅರ್ಥನೂ ಆಯ್ತು. ಕಾಲಿಗೆ ತಾಗೋ ಹಾಗೆ ಇತ್ತು ಕ್ಯಾನು. ಒಂದು ಕೈ ಬಿಡಬೇಕಾಗಿತ್ತು, ಅಷ್ಟೇ. ಬಿಡಲಿಲ್ಲ.”

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

“ಮತ್ತೆ ಅಂಗಿ?” ಎಂದಳು.

“ದಡದ ಹತ್ತಿರ ಬಂದ ಮೇಲೆ. ಜೊಂಡಿನ ಮರೇಲಿ, ಕಾಲಿಗೆ ನೆಲ ಸಿಗೋ ಕಡೆ. ದೋಣಿ ಅಂಚು ಹಿಡ್ಕೊಂಡು ಇಳಿದೆ. ತಲೆ ಮೇಲೆ ಡಬ್ಬದಲ್ಲಿ ಮೊಗೆದು ಸುರ್ಕೊಂಡೆ.”

“ಆ ಅಂಗೀನ ಹಿಂಡಿ ಒಣಗಿಸಿದ್ದು ನಾನು,” ಎಂದಳು ಅಕ್ಕ ನಿಧಾನವಾಗಿ, ಅವನಿಗಲ್ಲ, ಮಣೆಯ ಮೇಲಿನ ಮೀನಿಗೆ ಹೇಳುವ ಹಾಗೆ. “ಅಲ್ಲಿ ನೀರಲ್ಲಿ ಅವರನ್ನ ಇನ್ನೂ ಹುಡುಕ್ತಾ ಇದ್ರು. ಇಲ್ಲಿ ನಾನು ನಿನಗೆ ಜ್ವರ ಬಂದುಬಿಡುತ್ತೆ ಅಂತ ಒಲೆ ಮುಂದೆ ಕೂರಿಸಿ ತಲೆ ಒರೆಸ್ತಾ ಇದ್ದೆ. ಇವನಾದ್ರೂ ಉಳಿದನಲ್ಲ ಅಂತ. ದಡಕ್ಕೆ ಕೂಡ ಹೋಗಲಿಲ್ಲ ನಾನು. ನಿನ್ನ ತಲೆ ಒರೆಸ್ತಾ ಕೂತಿದ್ದೆ.”

ಅವನು ಹಣೆಯನ್ನು ಹೊಸ್ತಿಲಿಗೆ ಊರಿದ. ಕ್ಷಮಿಸು ಎನ್ನುವ ಮಾತು ಬಾಯಿಯವರೆಗೆ ಬಂತು. ಅದನ್ನು ಕೇಳುವುದೂ ಇನ್ನೊಂದು ಸೌಟು ಬಡಿಸು ಎಂದು ತಟ್ಟೆ ಚಾಚಿದಂತೆಯೇ ಅನ್ನಿಸಿ ಸುಮ್ಮನಾದ. ಅವಳು ಎದ್ದಳು. ಕೈ ತೊಳೆದುಕೊಂಡಳು, ಸೋಪು ಹಾಕಿ, ಎರಡು ಸಲ. ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅವನ ಮುಂದೆ ನಿಂತಾಗ ಅವನಿಗೆ ಕಂಡದ್ದು ಅವಳ ಪಾದಗಳು ಮಾತ್ರ. ಬಲೆಯ ದಾರ ಎಳೆದೆಳೆದು ಹೆಬ್ಬೆರಳಿನ ಬುಡದಲ್ಲಿ ಬಿದ್ದ ಗೆರೆ.

“ಏಳು. ನಿನ್ನ ಕೋಣೆಗೆ ಹೋಗು. ಇವತ್ತು ಊಟಕ್ಕೆ ಬರಬೇಡ.”

“ಅಕ್ಕ…”

“ಇಷ್ಟು ವರ್ಷ ನಾನು ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋ ಹಾಗಿರಲಿಲ್ಲ. ನೀರಿನ ಮೇಲೆ ಮಾಡ್ಕೊಂಡೆ. ನೀರಿಗೇನು ಗೊತ್ತಾಗುತ್ತೆ? ಮುಚ್ಚಳ ಸಡಿಲ ಇದ್ದದ್ದಕ್ಕೆ ನನ್ನ ಮೇಲೇ ಮಾಡ್ಕೊಂಡೆ. ಈಗ ನಿನ್ನ ಮೇಲೆ ಬರ್ತಾ ಇದೆ. ಬರಲಿ ಬಿಡು. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಅದು ಹೋದ್ರೆ ನಾನೇ ಕರೀತೀನಿ.” ಬಾಗಿಲಿಗೆ ಕೈ ಹಾಕಿ, “ಹೋಗದೇನೂ ಇರಬಹುದು,” ಎಂದಳು.

ಬಾಗಿಲು ಮುಚ್ಚಿಕೊಂಡಿತು. ಬಡಿದು ಮುಚ್ಚಲಿಲ್ಲ, ದಿನವೂ ಮುಚ್ಚುವ ಹಾಗೆಯೇ ಮುಚ್ಚಿದಳು. ಒಳಗಿನಿಂದ ಅಗುಳಿ ಬೀಳುವುದು ಕೇಳಿಸಿತು. ಅವನು ಜಾಕೆಟ್ಟನ್ನು ಎದೆಗೆ ಅವುಚಿಕೊಂಡು ಬೀದಿಯಲ್ಲಿ ನಿಂತ. ತನ್ನ ಕೋಣೆಯ ಬಾಗಿಲು ಹತ್ತು ಹೆಜ್ಜೆಯ ದೂರದಲ್ಲಿತ್ತು. ಅದರೊಳಗೆ ಹೋಗಿ ಕೂತರೆ ಗೋಡೆಯ ಆಚೆಯಿಂದ ಅವಳ ಪ್ರತಿಯೊಂದು ಸದ್ದೂ ಕೇಳಿಸುತ್ತದೆ, ಅವನ ಪ್ರತಿಯೊಂದು ಸದ್ದೂ ಅವಳಿಗೆ.

“ಏನೋ, ಬಿಸಿಲಲ್ಲಿ ನಿಂತಿದೀಯ?” ರೇಡಿಯೊ ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ನಿಂತ. ಅವನ ಜೊತೆ ಇನ್ನಿಬ್ಬರು ದೋಣಿಯವರು, ಕುತ್ತಿಗೆಗೆ ಹೊಸ ಜಾಕೆಟ್ಟು ನೇತುಹಾಕಿಕೊಂಡವರು. “ಮೇಡಂ ಹತ್ರ ಮಾತಾಡಿದೀನಿ. ನಾಳೆ ಬೆಳಿಗ್ಗೆ ಮೊದಲು ನೀನೇ ಇಳಿದು ತೋರಿಸಬೇಕಂತೆ, ಉಳಿದವರು ನೋಡಿ ಕಲೀತಾರೆ. ಕಿವಿ ಗಿವಿ ಅಂತ ನೆಪ ಹೇಳಬೇಡ ಮತ್ತೆ.”

“ನನಗೆ ಈಜು ಬರಲ್ಲ,” ಎಂದ ಅವನು.

ರೇಡಿಯೊ ಅವನ ಮುಖ ನೋಡಿದ. ಆಮೇಲೆ ಸೈಕಲ್ಲಿನ ಹಿಡಿಗೆ ಹೊಟ್ಟೆ ಊರಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಉಳಿದಿಬ್ಬರೂ ನಕ್ಕರು. “ನೀರುನಾಯಿಗೆ ಈಜು ಬರಲ್ವಂತೆ, ಕೇಳಿದ್ರೇನ್ರೋ!” ಎಂದು ಒಬ್ಬ ಇನ್ನೊಬ್ಬನ ತೋಳಿಗೆ ಹೊಡೆದ.

ಅವನು ನಗಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ಅವರ ನಗು ಪೂರ್ತಿ ಮುಗಿಯುವವರೆಗೂ ಕಾದ. ಆಮೇಲೆ ಮತ್ತೆ ಹೇಳಿದ.